ಸರಿಯಣ್ಣನ ನೋವಿಗೆ ಸಾಕ್ಷಿ

ನನ್ನ ತಮ್ಮನಿಗೆ ದೂರು ಹೇಳಲು ಬರುವುದಿಲ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು ನಾವು, ಆದರೆ ಆ ವಿದ್ಯೆ ಪೂರ್ತಿ ನನ್ನ ಪಾಲಿಗೇ ಬಂದಿರಬೇಕು. ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಯಾವ ದೂರಿಗೆ ಲೈನ್‌ಮನ್ ಓಡುತ್ತಾನೆ, ಯಾವುದಕ್ಕೆ ಕಾಫಿ ಕುಡಿದು ಹೋಗುತ್ತೇನೆ ಅನ್ನುತ್ತಾನೆ, ಎಲ್ಲ ನನಗೆ ಗೊತ್ತು. ಅತ್ತ ಮಗುವಿಗೆ ಹಾಲು ಅನ್ನುವ ಮಾತು ಸುಳ್ಳಲ್ಲ. ಜೋರಾಗಿ ಅತ್ತ ಮಗುವಿಗೆ ಮೊದಲು ಅಂತ ಸೇರಿಸಬೇಕು, ಅಷ್ಟೆ. ನನ್ನ ತಮ್ಮ ತೊಟ್ಟಿಲಲ್ಲೂ ಅಳುತ್ತಿರಲಿಲ್ಲವಂತೆ. ಅಮ್ಮ ಅದನ್ನು ನೆರೆಹೊರೆಯವರ ಮುಂದೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು.

ಅವನು ಗಾಜಿನ ಕೆಲಸದವನು. ದೊಡ್ಡ ಕಟ್ಟಡಗಳಿಗೆ, ಅಂಗಡಿಗಳ ಮುಂಭಾಗಕ್ಕೆ ಗಾಜು ಕೂರಿಸುವ ಕಂಪನಿಯಲ್ಲಿ ಹುಡುಗನಾಗಿದ್ದಾಗ ಸೇರಿದವನು ಅಲ್ಲೇ ಗಂಡಸಾದ, ಅಲ್ಲೇ ಮುರಿದ. ದೊಡ್ಡ ಗಾಜನ್ನು ಇಬ್ಬರು ಹೊರುತ್ತಾರೆ, ಒಬ್ಬ ಮುಂದೆ, ಒಬ್ಬ ಹಿಂದೆ. ಮಲಗಿಸಿ ಹೊತ್ತರೆ ತನ್ನ ಭಾರಕ್ಕೆ ತಾನೇ ಬಿರಿಯುತ್ತದೆಂದು ನಿಲ್ಲಿಸಿಯೇ ಹೊರಬೇಕು. ಮುಂದಿನವನಿಗೆ ದಾರಿ ಕಾಣುತ್ತದೆ, ಹಿಂದಿನವನ ಮುಖ ಕಾಣುವುದಿಲ್ಲ. ಅದಕ್ಕೆ ಅವನು ಆಗಾಗ ಕೇಳುತ್ತಾನೆ, "ಸರಿನಾ?" ಹಿಂದಿನವನು ಹೇಳಬೇಕಾದ ಉತ್ತರ ಒಂದೇ, "ಸರಿ." ಬೆರಳು ಸಿಕ್ಕಿಕೊಂಡಿರಲಿ, ಕಣ್ಣಿಗೆ ಬೆವರು ಇಳಿದಿರಲಿ, ಉತ್ತರ ಬೇರೆ ಇಲ್ಲ. ಒಬ್ಬ 'ಅಯ್ಯೋ' ಅಂದರೆ ಇನ್ನೊಬ್ಬ ತಿರುಗುತ್ತಾನೆ. ಅವನು ತಿರುಗಿದರೆ ಗಾಜು ತಿರುಚಿಕೊಳ್ಳುತ್ತದೆ, ಆಮೇಲೆ ಅದು ಯಾರ ಕತ್ತು ಅಂತ ನೋಡುವುದಿಲ್ಲ. ನೋವು ಏನಿದ್ದರೂ ಗಾಜು ಚೌಕಟ್ಟಿನಲ್ಲಿ ಕೂತ ಮೇಲೆ. ಇದನ್ನು ಕಲಿಯದವರು ಆ ಕೆಲಸದಲ್ಲಿ ಉಳಿಯುವುದಿಲ್ಲ.

ನನ್ನ ತಮ್ಮ ಬೇಕಾದ್ದಕ್ಕಿಂತ ಹೆಚ್ಚೇ ಕಲಿತ. ಜೊತೆಯವರು ಅವನಿಗೆ ಸರಿಯಣ್ಣ ಅಂತ ಹೆಸರಿಟ್ಟರು. ಮನೆಯಲ್ಲಿ ಹೆಂಡತಿಯ ಹತ್ತಿರವೂ ಅಷ್ಟೇ. ಉಪ್ಪು ಜಾಸ್ತಿಯಾಯಿತಾ ಅಂದರೆ ಸರಿ ಇದೆ. ಹೊಸ ಪರದೆ ಹೇಗಿದೆ ಅಂದರೆ ಸರಿ ಇದೆ. ಮದುವೆಯಾಗ್ತೀಯಾ ಅಂತ ಅವಳೇ ಕೇಳಿದ್ದಂತೆ, ಇವನು ಸರಿ ಅಂದನಂತೆ. "ಇಷ್ಟು ವರ್ಷ ಆಯ್ತು ಅತ್ತಿಗೆ, ಅದು ಒಪ್ಪಿಗೆನೋ ಬಾಯಿಗೆ ಬಂದದ್ದೋ ಇನ್ನೂ ಗೊತ್ತಾಗಿಲ್ಲ," ಅಂತ ನನ್ನ ತಮ್ಮನ ಹೆಂಡತಿ ನಗುತ್ತಿದ್ದಳು. ಅವಳು ಆಸ್ಪತ್ರೆಯೊಂದರಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದವಳು, ನಗುವುದಕ್ಕೆ ಕಾರಣ ಹುಡುಕಿಕೊಂಡೇ ಬದುಕಿದವಳು. ಮಕ್ಕಳಿಲ್ಲ. ಇಬ್ಬರಿಗೂ ಸೇರಿ ನಾನೊಬ್ಬಳು ಬಾಯಿಬಡುಕಿ.

ಒಂದು ಬ್ಯಾಂಕಿನ ಕಟ್ಟಡ. ಗಾಜು ಲಿಫ್ಟಿನಲ್ಲಿ ಹಿಡಿಸಲಿಲ್ಲ, ಮೆಟ್ಟಿಲಲ್ಲೇ ಹೊತ್ತರು. ಮುಂದೆ ಅವನ ಹಳೆಯ ಜೋಡಿ. ಆತನನ್ನು ಎಲ್ಲರೂ ಮೀಸೆ ಅಂತಲೇ ಕರೆಯುವುದು, ಮೀಸೆ ಬೋಳಿಸಿ ಎಷ್ಟೋ ಕಾಲವಾದರೂ. ಮೆಟ್ಟಿಲಿನ ತಿರುವಿನಲ್ಲಿ ನನ್ನ ತಮ್ಮನ ಬೆನ್ನಿನಲ್ಲಿ ಏನೋ ಹಸಿ ಕಡ್ಡಿಯ ಹಾಗೆ ಮುರಿಯಿತು. "ಸರಿನಾ?" ಅಂದ ಮೀಸೆ. "ಸರಿ," ಅಂದ ಇವನು. ಇನ್ನೊಂದು ಮಹಡಿ ಹತ್ತಿದರು, ಗಾಜು ಕೂರಿಸಿದರು, ಸುತ್ತ ರಬ್ಬರ್ ಪಟ್ಟಿ ಒತ್ತಿದರು. ಆಮೇಲೆ ಇವನು ನೆಲದ ಮೇಲೆ ಮಲಗಿದ. ಮೀಸೆ ತಮಾಷೆ ಅಂದುಕೊಂಡು ಕಾಲಿನಿಂದ ಮೆಲ್ಲಗೆ ತಟ್ಟಿದನಂತೆ. ಅದನ್ನು ಹೇಳುವಾಗ ಇವತ್ತಿಗೂ ಆತ ನೆಲ ನೋಡುತ್ತಾನೆ.

ಎರಡು ಸಲ ಬೆನ್ನು ಕೊಯ್ದರು. ಒಳಗೆ ಲೋಹದ ಕಂಬಿ, ತಿರುಪು. ಎಡಗಾಲು ಮೊಣಕಾಲಿನ ಕೆಳಗೆ ಹೇಳಿದ ಮಾತು ಕೇಳುವುದನ್ನು ಬಿಟ್ಟಿತು. ಕೂರಲಾಗದು, ಬಹಳ ಹೊತ್ತು ನಿಲ್ಲಲೂ ಆಗದು. ಒಂದು ಮಗ್ಗುಲಿಗೆ ಮಲಗಿದರೆ ಮಾತ್ರ ಮನುಷ್ಯ. ಕಂಪನಿ ಸಂಬಳದಲ್ಲಿ ಹಿಡಿದು ಕಟ್ಟುತ್ತಿದ್ದ ವಿಮೆಯೊಂದಿತ್ತು. ದುಡಿಯಲಾರದೆ ಬಿದ್ದವರಿಗೆ ನಿವೃತ್ತಿಯ ವಯಸ್ಸಿನವರೆಗೆ ತಿಂಗಳು ತಿಂಗಳು ಕೊಡುವ ವಿಮೆ. ಕೊಟ್ಟರು ಕೂಡ, ಸುಳ್ಳು ಹೇಳಬಾರದು, ಎರಡು ವರ್ಷ ಕೊಟ್ಟರು.

ಅವರಿದ್ದದ್ದು ಒಂದು ಮುದ್ರಣಾಲಯದ ಹಿಂದೆ, ನೆಲಮಹಡಿಯ ಮನೆಯಲ್ಲಿ. ಎರಡೇ ಕೋಣೆ, ಆದರೆ ಬಾಗಿಲಿಗೆ ಒಂದು ಮೆಟ್ಟಿಲೂ ಇಲ್ಲ, ತೆಗೆದರೆ ನೇರ ಬೀದಿ. ಸಂಜೆ ಕೋಲು ಹಿಡಿದು ಹೊರಗೆ ಬಂದು, ಬಸ್ ನಿಲ್ದಾಣದ ಉದ್ದನೆಯ ಬೆಂಚಿನ ಮೇಲೆ ಮಗ್ಗುಲಾಗಿ ಒರಗಿಕೊಳ್ಳುತ್ತಿದ್ದ. ಬಸ್ಸಿನವರು ಕೈ ಬೀಸುತ್ತಿದ್ದರು. ಮೀಸೆ ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ನಿಂತು ಕಂಪನಿಯ ಸುದ್ದಿ ಹೇಳುತ್ತಿದ್ದ. ಇದ್ದ ಬದುಕೆಲ್ಲ ಆ ಬಾಗಿಲಿಗೆ, ಆ ಬೆಂಚಿಗೆ ಇಳಿದಿತ್ತು. ಅಷ್ಟನ್ನು ಅವನು ಗಟ್ಟಿಯಾಗಿ ಹಿಡಿದುಕೊಂಡಿದ್ದ. ವಿಮೆ ನಿಂತರೆ ಬಾಡಿಗೆ ನಿಲ್ಲುತ್ತದೆ, ಬಾಡಿಗೆ ನಿಂತರೆ ಆ ಬಾಗಿಲು ಹೋಗುತ್ತದೆ. ಇದು ನಮ್ಮ ಮೂವರಿಗೂ ಗೊತ್ತಿತ್ತು.

ವಿಮೆಯ ನಿಯಮದಲ್ಲಿ ಒಂದು ಕೊಕ್ಕೆ ಇತ್ತು. ಮೊದಲ ಎರಡು ವರ್ಷ 'ನಿಮ್ಮ ಕೆಲಸ ನಿಮ್ಮಿಂದ ಆಗುವುದಿಲ್ಲ' ಅನ್ನುವುದು ಸಾಕು. ಆಮೇಲೆ 'ಲೋಕದ ಯಾವ ಕೆಲಸವೂ ಆಗುವುದಿಲ್ಲ' ಅನ್ನುವುದು ಸಾಬೀತಾಗಬೇಕು. ಎರಡು ವರ್ಷ ತುಂಬುತ್ತಿದ್ದ ಹಾಗೆ ಕಾಗದ ಬಂತು, ಹಣ ನಿಲ್ಲಿಸಿದ್ದೇವೆ ಎಂದು. ಕಾರಣಕ್ಕೆ ಅವರು ಬೇರೆ ಯಾರ ಮಾತನ್ನೂ ಹುಡುಕಿಕೊಂಡು ಹೋಗಿರಲಿಲ್ಲ, ನನ್ನ ತಮ್ಮನದೇ ಮಾತು. ಆಸ್ಪತ್ರೆಗೆ ಹೋದಾಗಲೆಲ್ಲ ಡಾಕ್ಟರು ಹೇಗಿದ್ದೀರಿ ಅಂತ ಕೇಳಿದ್ದರು, ಇವನು ಉತ್ತರಿಸಿದ್ದ, ಅವರು ಬರೆದುಕೊಂಡಿದ್ದರು. 'ಸರಿ ಇದ್ದೇನೆ ಎನ್ನುತ್ತಾರೆ.' ಮುಂದಿನ ಸಲ 'ನೋವು ಹೇಗಿದೆ: ಸರಿ ಇದೆ.' ಅದರ ಮುಂದಿನ ಸಲವೂ ಅದೇ. ಆದ್ದರಿಂದ ರೋಗಿ ಕೂತು ಮಾಡುವ ಹಗುರ ಕೆಲಸ ಮಾಡಬಲ್ಲರು, ಉದಾಹರಣೆಗೆ ವಾಹನ ನಿಲ್ಲಿಸುವ ಕಡೆ ಚೀಟಿ ಕೊಡುವುದು.

ಓದಿದವಳೇ ಕಾಗದವನ್ನು ಚೀಲಕ್ಕೆ ತುರುಕಿಕೊಂಡೆ. ನೇರ ಡಾಕ್ಟರ ಹತ್ತಿರ ಹೋದೆ.

"ಕಂಬಿ ಹಾಕಿದ್ದು ನೀವೇ ಅಲ್ವಾ? ಆ ಬೆನ್ನು ಸರಿ ಇದೆ ಅಂತ ಹೇಗೆ ಬರೆದ್ರಿ?"

"ನಾನು ಬರೆದಿಲ್ಲಮ್ಮ, ಅವರು ಹೇಳಿದ್ದು. ನಾನು ಕೇಳ್ತೀನಿ, ಹೇಳಿದ್ದನ್ನ ಬರೀತೀನಿ. ಹೊರಗೆ ಎಷ್ಟು ಜನ ಕೂತಿದಾರೆ ನೋಡಿದ್ರಲ್ಲ."

ಆತ ಕೆಟ್ಟವನೇನಲ್ಲ. ಬೆನ್ನಿನ ಸ್ಥಿತಿಯ ಬಗ್ಗೆ ಹೊಸದೊಂದು ಪತ್ರ ಬರೆದುಕೊಟ್ಟ. ವಿಮೆಯವರು ಅದನ್ನು ನೋಡಿ, ಕಂಬಿ ಇರುವುದು ನಿಜ, ಆದರೆ ಕಂಬಿ ಬೇರೆ ನೋವು ಬೇರೆ ಅಂದರು.

ಇಷ್ಟರಲ್ಲಿ ನನ್ನ ತಮ್ಮ ಒಂದು ಕೆಲಸ ಮಾಡಿದ. "ಅವರು ಆಗುತ್ತೆ ಅಂತಾರಲ್ಲ, ನೋಡೇ ಬಿಡೋಣ," ಅಂತ ಮೀಸೆಗೆ ಹೇಳಿ ಮಾರುಕಟ್ಟೆಯ ಹತ್ತಿರದ ವಾಹನ ನಿಲ್ದಾಣದಲ್ಲಿ ಚೀಟಿ ಕೊಡುವ ಕೆಲಸಕ್ಕೆ ಹೋದ. ಒಬ್ಬರು ಕೂರುವಷ್ಟು ತಗಡಿನ ಗೂಡು. ಸ್ವಲ್ಪ ಹೊತ್ತು ಕೂತ, ಸ್ವಲ್ಪ ಹೊತ್ತು ನಿಂತ, ಕೊನೆಗೆ ಗೂಡಿನ ನೆಲದ ಮೇಲೆ ಮುದುರಿ ಮಲಗಿದ. ಮಲಗಿದವನು ಕೆಲಸ ಬಿಡಲಿಲ್ಲ, ಕೈ ಮಾತ್ರ ಮೇಲೆತ್ತಿ ಕಿಂಡಿಯಿಂದ ಚೀಟಿ ಕೊಡುತ್ತಿದ್ದ. ಕಾರಿನಲ್ಲಿ ಬಂದ ಒಬ್ಬಾಕೆ ಮುಖವಿಲ್ಲದ ಕೈ ನೋಡಿ ಹೆದರಿ ಕೂಗಿಕೊಂಡಳಂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಅವನನ್ನು ಮನೆಗೆ ತಂದು ಬಿಟ್ಟರು. ಅವನ ಹೆಂಡತಿ ಈ ಕಥೆ ಕೇಳಿ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಲಾಗದೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಕೀಲರನ್ನು ಹಿಡಿದೆವು. ಗೆದ್ದರೆ ಪಾಲು, ಸೋತರೆ ಇಲ್ಲ ಅನ್ನುವ ಒಪ್ಪಂದದ ವಕೀಲ, ಮಾತಿನಲ್ಲಿ ಜಿಪುಣ. "ಮೇಲ್ಮನವಿ ಹಾಕೋಣ. ಅವರ ಕಡೆ ಡಾಕ್ಟರು ಒಂದು ಸಲ ನೋಡ್ತಾರೆ. ಅಲ್ಲಿ ಇದ್ದದ್ದು ಇದ್ದ ಹಾಗೆ ಬಾಯಿ ಬಿಟ್ಟು ಹೇಳಬೇಕು. ಇವರು ಹೇಳ್ತಾರಾ?" ಅಂದರು, ನನ್ನ ತಮ್ಮನನ್ನು ಅಲ್ಲ, ನನ್ನನ್ನು ನೋಡಿ.

ಹೇಳಿಸುವುದು ನನ್ನ ಜವಾಬ್ದಾರಿಯಾಯಿತು. ದಿನಾ ಸಂಜೆ ಅವನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದೆ.

"ನಾನೀಗ ವಿಮೆ ಡಾಕ್ಟರು. ಹೇಗಿದ್ದೀರಿ?"

"ಸರಿ ಇದೀನಿ."

"ನಿನ್ನ ಸರಿಗೆ ಬೆಂಕಿ ಹಾಕ. ಮತ್ತೆ ಕೇಳ್ತೀನಿ. ಬೆನ್ನು ಹೇಗಿದೆ?"

"ನೋವಿದೆ. ಆದ್ರೆ ಪರವಾಗಿಲ್ಲ."

"ಪರವಾಗಿಲ್ಲ ಅನ್ನೋದನ್ನ ನುಂಗಿಬಿಡು. ನೋವಿದೆ ಅಂದು ಸುಮ್ಮನಾಗು."

ಸುಮ್ಮನಾಗಲು ಆಗುತ್ತಿರಲಿಲ್ಲ ಅವನಿಗೆ. ನೋವಿದೆ ಅಂದ ಮೇಲೆ ಎದುರಿನವರಿಗೆ ಒಂದು ಸಮಾಧಾನ ಹೇಳದಿದ್ದರೆ ಏನೋ ಕದ್ದವನಂತೆ ಒದ್ದಾಡುತ್ತಿದ್ದ. ನನಗೆ ಕೋಪ ಬಂದು ಒಂದು ದಿನ ಎದ್ದೇಬಿಟ್ಟೆ. ಆಗ ಅವನು ಹೇಳಿದ, "ಬೈಬೇಡ ಅಕ್ಕ. ಬಾಯಿ ಬಿಟ್ಟರೆ ಆ ಕಡೆ ಹಿಡ್ಕೊಂಡಿರೋರಿಗೆ ಕುಯ್ಯುತ್ತೆ ಅನ್ಸುತ್ತೆ." ನಾನು ಮತ್ತೆ ಕೂತೆ.

ವಿಮೆ ಡಾಕ್ಟರ ಪರೀಕ್ಷೆಯ ದಿನ ನಾನೂ ಅವನ ಹೆಂಡತಿಯೂ ಅವನ ಜೊತೆ ಒಳಗೆ ಹೋದೆವು. ಕಾಗದ ಹಾಸಿದ ಮಂಚ, ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಬೆನ್ನುಮೂಳೆ, ಕೈ ತೊಳೆಯುವ ಬೋಗುಣಿ. ಡಾಕ್ಟರು ಸಭ್ಯ, ಸ್ವಚ್ಛ, ಉಗುರು ನೀಟಾಗಿ ಕತ್ತರಿಸಿದ್ದ ಮನುಷ್ಯ. ಕಾಲು ಎತ್ತಿಸಿದರು, ಅಂಗಾಲಿಗೆ ಸೂಜಿ ಚುಚ್ಚಿದರು, ಬಾಗಿಸಿದರು. ಕೊನೆಗೆ ಬೆನ್ನು ತಿರುಗಿಸಿ ಕೈ ತೊಳೆಯುತ್ತ ಕೇಳಿದರು, "ನಿಮ್ಮ ತೊಂದರೆ ಏನು ಹೇಳಿ."

ನನ್ನ ತಮ್ಮ ಮೇಲಿನ ಚಾವಣಿ ನೋಡುತ್ತ ಶುರು ಮಾಡಿದ. ನಾನು ಕಲಿಸಿದ್ದನ್ನಲ್ಲ. ಅದಕ್ಕಿಂತ ಹಿಂದಿನದನ್ನು, ಆಳದ್ದನ್ನು.

"ರಾತ್ರಿ ನಿದ್ದೆ ಬರಲ್ಲ ಸಾರ್. ಇವಳಿಗೆ ಎಚ್ಚರ ಆಗ್ಬಾರ್ದು ಅಂತ ಟವಲು ಕಚ್ಕೊಂಡಿರ್ತೀನಿ. ಕಚ್ಚಿ ಕಚ್ಚಿ ಒಂದು ಹಲ್ಲು ಅಲ್ಲಾಡ್ತಾ ಇದೆ. ಎದ್ದು ಹೋಗೋದು ಕಷ್ಟ ಅಂತ ಮಧ್ಯಾಹ್ನದ ಮೇಲೆ ನೀರು ಕುಡಿಯಲ್ಲ. ಎಡಗಾಲಿಗೆ ಚಪ್ಪಲಿ ಇದೆಯೋ ಇಲ್ವೋ ನೋಡಿದ್ರೇ ಗೊತ್ತಾಗೋದು. ಒಂದು ಸಲ ಬಿಸಿನೀರು ಬಿದ್ದು ಬೊಬ್ಬೆ ಬಂದಿತ್ತು, ಬಟ್ಟೆಗೆ ಅಂಟಿದಾಗ ಗೊತ್ತಾಯ್ತು. ಇವಳು ಡ್ಯೂಟಿಗೆ ಹೋದ ಮೇಲೆ ಬಿದ್ದಿದೀನಿ, ಎರಡು ಮೂರು ಸಲ. ಏಳೋಕಾಗದೆ ಅಲ್ಲೇ ಮಲಗಿದ್ದು, ಅವಳು ಬರೋ ಹೊತ್ತಿಗೆ ಹೇಗೋ ಗೋಡೆ ಹಿಡ್ಕೊಂಡು ಎದ್ದಿರ್ತೀನಿ. ಬಾಗಿಲು ತೆಗೆಯುವಾಗ ನಿಂತಿರಬೇಕು ಅಂತ. ಬೆಳಗಾಗೋದು ಯಾಕೆ ಅನ್ಸುತ್ತೆ ಸಾರ್. ಅಷ್ಟೆ."

ಡಾಕ್ಟರು ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡರು, ಬರೆದುಕೊಂಡರು. ನಾನು ಒಳಗೊಳಗೇ ಗೆದ್ದೆವು ಅಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಕ್ಷಣ ನನಗೆ ಖುಷಿಯಾಯಿತು. ಎಂಥ ದೂರು ಅದು, ಇಷ್ಟು ವರ್ಷದಲ್ಲಿ ಅಷ್ಟು ಸತ್ಯವಾದ ದೂರನ್ನು ನಾನು ಬರೆದುಕೊಂಡಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಅವನ ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

ವಾಪಸು ಬರುವಾಗ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅವನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದ.

"ನನ್ನ ಹತ್ರಾನೂ ಸರಿ ಅಂತಾನೇ ಹೇಳಿದೆಯಲ್ಲ," ಅಂದಳು.

ಅವನು ಕಣ್ಣು ಮುಚ್ಚಿಕೊಂಡ.

"ಪಕ್ಕದಲ್ಲೇ ಮಲಗಿದ್ದೆ ನಾನು. ಗೊರಕೆ ಹೊಡೀತಿದ್ದೆ ಬೇರೆ."

ಆ ದಿನದ ನಂತರ ಅವಳು ನಗುವುದು ಕಡಿಮೆಯಾಯಿತು. ರಾತ್ರಿ ನಿದ್ದೆ ಮಾಡದೆ ಅವನ ಉಸಿರು ಕೇಳುತ್ತ ಮಲಗುತ್ತಾಳೆ ಅಂತ ನನಗೆ ಆಮೇಲೆ ತಿಳಿಯಿತು. ಅವನು ಇಷ್ಟು ಕಾಲ ಯಾರನ್ನು ಕಾಪಾಡಿಕೊಂಡು ಬಂದಿದ್ದನೋ ಅವಳಿಗೇ ಗಾಯವಾಗಿತ್ತು, ಅದು ಅವನಿಗೂ ಗೊತ್ತಿತ್ತು. ಆದರೂ ಹಣ ಬರುತ್ತದೆ, ಬಾಗಿಲು ಉಳಿಯುತ್ತದೆ ಅಂತ ಮೂವರೂ ಕಾದೆವು.

ಎರಡನೆಯ ಕಾಗದ ಬಂತು. ನಾನೇ ಓದಿದೆ. ರೋಗಿ ಈಗ ಹೇಳುತ್ತಿರುವ ತೊಂದರೆಗಳು ಹಿಂದಿನ ಯಾವ ದಾಖಲೆಯಲ್ಲೂ ಇಲ್ಲ. ಹಣ ನಿಂತ ಮೇಲೆ ಮಾತ್ರ ಕಾಣಿಸಿಕೊಂಡಿವೆ. ವಿವರಣೆ ಉತ್ಪ್ರೇಕ್ಷೆಯಿಂದ ಕೂಡಿದೆ. ಹಿಂದಿನ ತೀರ್ಮಾನವೇ ಸರಿ.

ಹೇಳದಿದ್ದರೆ ನೋವಿಲ್ಲ, ಹೇಳಿದರೆ ಸುಳ್ಳು. ಅಡಕತ್ತರಿಯಲ್ಲಿ ಸಿಕ್ಕಿಸುವುದು ಅಂದರೆ ಇದೇ. ನನ್ನ ಕೌಂಟರಿನಲ್ಲಿ ನಾನೂ ಜನರನ್ನು ಬೈದಿದ್ದೇನೆ, ಅಲೆಸಿದ್ದೇನೆ, ಆದರೆ ಕತ್ತಲೆಯಲ್ಲಿ ಕೂತವನಿಗೆ ನಿನಗೆ ಕತ್ತಲೆಯಾಗಿಲ್ಲ ಅಂತ ಹೇಳಿರಲಿಲ್ಲ. ನಾನು ವಕೀಲರ ಮೇಲೆ ಕೂಗಾಡಿದೆ, ವಿಮೆ ಕಚೇರಿಯ ಫೋನಿನ ಮೇಲೆ ಕೂಗಾಡಿದೆ. ಆ ಕಡೆಯ ಹುಡುಗಿ ಮೆಲ್ಲನೆಯ ದನಿಯಲ್ಲಿ, "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ," ಅಂದಳು. ಕಲ್ಲಿಗೆ ತಲೆ ಚಚ್ಚಿಕೊಂಡರೆ ಕಲ್ಲು ಹಾಗನ್ನುವುದಿಲ್ಲ, ಅದೊಂದು ಮರ್ಯಾದೆ ಕಲ್ಲಿಗಿದೆ. ನನ್ನ ತಮ್ಮ ಮಾತ್ರ ಕೂಗಾಡಲಿಲ್ಲ. "ನಾನು ಸುಳ್ಳು ಹೇಳ್ದೆ ಅಂತ ಬರೆದಿದಾರಾ?" ಅಂತ ಒಂದೇ ಸಲ ಕೇಳಿದ. ಹಾಗಲ್ಲ, ಹೆಚ್ಚು ಮಾಡಿ ಹೇಳಿದೆ ಅಂತ ಬರೆದಿದ್ದಾರೆ ಅಂದೆ. "ಅದೇ ಅಲ್ವಾ," ಅಂದ.

ಇನ್ನೊಂದು ಕೊನೆಯ ಮೆಟ್ಟಿಲಿತ್ತು, ಪುನರ್ವಿಮರ್ಶೆ ಅಂತ. ವಕೀಲರು ಅದನ್ನೂ ಹಾಕಿದರು. ತಿಂಗಳುಗಳು ಹಿಡಿಯುತ್ತವೆ ಅಂದರು. ತಿಂಗಳುಗಳ ಬಾಡಿಗೆ ಯಾರು ಕಟ್ಟುವುದು? ನನ್ನದು ಇನ್ನೊಬ್ಬಳ ಜೊತೆ ಹಂಚಿಕೊಂಡ ಒಂದು ಕೋಣೆ, ಅಲ್ಲಿ ಗಂಡಸರನ್ನು ಬಿಡುವುದಿಲ್ಲ. ಅವನ ಹೆಂಡತಿಯ ಚಿಕ್ಕಮ್ಮನಿಗೆ ಸೇರಿದ ಹಳೆಯ ಕಟ್ಟಡವೊಂದಿತ್ತು. ಅದರ ಮೂರನೆಯ ಮಹಡಿಯಲ್ಲಿ ಖಾಲಿ ಬಿದ್ದ ಮನೆ, ಕೈಲಾದಷ್ಟು ಕೊಡಿ ಅಂದಳು ಆ ಪುಣ್ಯಾತ್ಗಿತ್ತಿ. ಲಿಫ್ಟಿಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರಿಗೂ ಅದೊಂದೇ ಕಾಣುತ್ತಿತ್ತು.

ಸಾಮಾನು ಸಾಗಿಸಲು ಮೀಸೆ ಇನ್ನಿಬ್ಬರು ಗಾಜಿನವರನ್ನು ಕರೆದುಕೊಂಡು ಬಂದ. ನಿನ್ನನ್ನೂ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗ್ತೀವಿ ಅಂದರು. ನನ್ನ ತಮ್ಮ ಒಪ್ಪಲಿಲ್ಲ, ಕೂತರೆ ಬೆನ್ನು ತಡೆಯುವುದಿಲ್ಲ ಅಂದ. ಮೆಟ್ಟಿಲಿಗೆ ಬೆನ್ನು ಹಾಕಿ, ಕೈಯೂರಿ, ಒಂದೊಂದಾಗಿ ಹಿಂದಕ್ಕೆ ಏರುತ್ತ ಹೋದ. ಎಡಗಾಲು ಕೆಳಗೆ ಎಳೆದುಕೊಂಡು ಬರುತ್ತಿತ್ತು. ಪ್ರತಿ ತಿರುವಿನಲ್ಲಿ ನೆಲದ ಮೇಲೆ ಮಲಗಿ ಸುಧಾರಿಸಿಕೊಂಡ. ಮೇಲಿನಿಂದ ಇಳಿಯುತ್ತಿದ್ದ ಬಾಡಿಗೆಯವರು ಅವನನ್ನು ದಾಟಿಕೊಂಡು ಹೋದರು, ಕುಡಿದಿದ್ದಾನೆ ಅಂದುಕೊಂಡಿರಬೇಕು. ಬೆಳಗಿನಲ್ಲಿ ಶುರು ಮಾಡಿದವನು ಮೇಲೆ ಮುಟ್ಟುವ ಹೊತ್ತಿಗೆ ಗಾಜಿನವರು ಸಾಮಾನೆಲ್ಲ ಜೋಡಿಸಿ, ಹಾಸಿಗೆ ಹಾಸಿ, ಬಾಗಿಲಲ್ಲಿ ಕಾಯುತ್ತ ನಿಂತಿದ್ದರು. ಮೂರು ದಿನ ಜ್ವರ ಬಂತು ಅವನಿಗೆ.

ಅಲ್ಲಿಗೆ ಬೆಂಚು ಮುಗಿಯಿತು, ಬೀದಿ ಮುಗಿಯಿತು. ಮೀಸೆ ಮೊದಮೊದಲು ವಾರಕ್ಕೊಮ್ಮೆ ಮೇಲೆ ಬರುತ್ತಿದ್ದ, ಆಮೇಲೆ ತಿಂಗಳಿಗೊಮ್ಮೆ. ಅವನನ್ನು ಬೈಯಲಾರೆ, ಅವನ ಮೊಣಕಾಲುಗಳೂ ಹೋಗಿವೆ. ಮಲಗಿದಲ್ಲಿಂದ ಕಾಣುವುದು ಎದುರಿನ ಕಟ್ಟಡದ ನೀರಿನ ಟ್ಯಾಂಕು, ಅದರ ಮೇಲೆ ಒಂದಿಷ್ಟು ಆಕಾಶ. ಕಿಟಕಿಯ ಗಾಜು ಸಡಿಲವಾಗಿ ಗಾಳಿಗೆ ಕಟಕಟ ಅನ್ನುತ್ತಿತ್ತು. ಮೀಸೆಗೆ ಹೇಳಿ ಸರಿ ಮಾಡಿಸೋಣ ಅಂದರೆ, "ಬಿಡು," ಅಂದ. ಗಾಜು ಅಲ್ಲಾಡುವುದನ್ನು ಕೇಳಿಕೊಂಡು ನನ್ನ ತಮ್ಮ ಬಿಡು ಅಂದದ್ದಕ್ಕೆ ನನಗೆ ಎಲ್ಲಕ್ಕಿಂತ ಹೆದರಿಕೆಯಾಯಿತು.

ವಿಳಾಸ ಬದಲಾದರೆ ವಿಮೆಯವರಿಗೆ ತಿಳಿಸಲೇಬೇಕು ಅಂತ ವಕೀಲರ ಕಚೇರಿಯವರು ಹೇಳಿದ್ದರು. ತಿಳಿಸದಿದ್ದರೆ ಅದೇ ನೆಪ ಮಾಡಿಕೊಂಡಾರು ಅಂತ ಅವನ ಹೆಂಡತಿ ಡ್ಯೂಟಿಯಿಂದ ಬಂದವಳೇ ಕೂತು, ಕಟ್ಟಡ, ಮಹಡಿ, ಮನೆಯ ಗುರುತು ಎಲ್ಲ ವಿವರವಾಗಿ ಬರೆದು ಕಳಿಸಿದಳು. ನೀತಿವಂತರ ಮನೆಯ ಹೆಣ್ಣು.

ಕೊನೆಯ ಕಾಗದ ಆ ಹೊಸ ವಿಳಾಸಕ್ಕೇ ಬಂತು. ನಾನು ಏದುಸಿರು ಬಿಡುತ್ತ ಹತ್ತಿ ಬಂದು, ಅವನ ಮಂಚದ ಅಂಚಿನಲ್ಲಿ ಕೂತು ಓದಿದೆ. ಅವನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು. ಪುನರ್ವಿಮರ್ಶೆಯಲ್ಲೂ ಮನವಿ ತಿರಸ್ಕೃತ. ಇದೇ ಅಂತಿಮ. ಕಾರಣಗಳಲ್ಲಿ ಹಳೆಯವೇ ಇದ್ದವು, ಹೊಸದು ಒಂದಿತ್ತು. ಓದುತ್ತ ಬಂದ ನಾನು ಅಲ್ಲಿ ನಿಂತೆ.

"ಓದು ಅಕ್ಕ," ಅಂದ.

ಓದಿದೆ. ಮನವಿದಾರರು ಇತ್ತೀಚೆಗೆ ಲಿಫ್ಟ್ ಸೌಲಭ್ಯವಿಲ್ಲದ ಕಟ್ಟಡದ ಮೂರನೆಯ ಮಹಡಿಗೆ ಸ್ವಇಚ್ಛೆಯಿಂದ ವಾಸ ಬದಲಿಸಿರುವುದನ್ನು ಗಮನಿಸಲಾಗಿದೆ. ಇದು ಅವರು ಹೇಳಿಕೊಂಡಿರುವ ದೈಹಿಕ ಸ್ಥಿತಿಗೆ ಹೊಂದುವುದಿಲ್ಲ.

ಬಾಗಿಲ ಹತ್ತಿರ ಅವಳು ನೆಲಕ್ಕೆ ಕುಸಿದು ಕೂತಳು, ಎರಡೂ ಕೈ ಬಾಯಿಗೆ ಅಡ್ಡ ಹಿಡಿದುಕೊಂಡಳು. ನನ್ನ ತಮ್ಮ ಅವಳ ಕಡೆ ನೋಡಿದ, ಏಳಲು ಒಂದು ಸಲ ಪ್ರಯತ್ನಪಟ್ಟ, ಆಗಲಿಲ್ಲ. ದಿಂಬಿಗೆ ತಲೆ ಒರಗಿಸಿ ನನ್ನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ಅಷ್ಟೇ ಭಾಗವನ್ನು ತಾನೇ ಮತ್ತೊಮ್ಮೆ ಓದಿಕೊಂಡ.

"ಹತ್ತಿದ್ದು ಅವರಿಗೆ ಗೊತ್ತಾಗಿದೆ," ಅಂದ. "ಇಳಿಯೋದು ಹೇಗೆ ಅಂತ ಒಂದು ಮಾತು ಕೇಳಿ ನೋಡು ಅಕ್ಕ."